ರಾಮನಗರ (ವಾರಾಣಸಿ)

ಉತ್ತರ ಪ್ರದೇಶದ ವಾರಾಣಸಿಯಲ್ಲಿ ಗಂಗೆಯ ಪೂರ್ವದಡದ ಮೇಲಿರುವ ಪಟ್ಟಣ; ಹಿಂದಿನ ಬನಾರಸ್ ಸಂಸ್ಥಾನದ ರಾಜಧಾನಿ. ನಮ್ಮ ರೇಷ್ಮೆಗೂಡಿನ ರಾಮನಗರಕ್ಕೂ ಇದಕ್ಕೂ ಹೆಸರೊಂದೇ ನಂಟು. 2011ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 49,000. ಈಗ ವಾರಾಣಸಿ ನಗರ ನಿಗಮಕ್ಕೆ ಸೇರಿದೆ. ಕಡಲಿಲ್ಲದ ಸೀಮೆಯ ಕಾಶಿಯವರಿಗೆ ಗಾಳಿ, ನೀರು, ಮರಳು ಸಿಗುವ ವಿಹಾರದ ದಂಡೆಯೆಂದರೆ ಈ ಆಚೆದಡವೇ.

ಕಾಶಿಯ ಹೆಸರಾಂತ ಘಟ್ಟಗಳೆಲ್ಲ ಪಶ್ಚಿಮದಡದಲ್ಲಿವೆ. ಅವುಗಳ ಎದುರಿನ ದಡ ಮಳೆಗಾಲದಲ್ಲಿ ಮುಳುಗಿ, ನೆರೆ ಇಳಿದ ಮೇಲೆ ಮರಳ ಬಯಲಾಗುತ್ತದೆ. ದೋಣಿಯಲ್ಲಿ ಹೊಳೆ ದಾಟಿ, ಮಿಂದು, ಭಂಗಿ ಅರೆದು ಕುಡಿದು, ಬೆರಣಿಯ ಕೆಂಡದಲ್ಲಿ ಸುಟ್ಟ ಬಾಟಿಯೆಂಬ ಗೋಧಿಯುಂಡೆಯನ್ನು ಚೋಖಾ ಎಂಬ ಸುಟ್ಟ ತರಕಾರಿಯ ಗೊಜ್ಜಿನೊಡನೆ ಉಂಡು ಸಂಜೆಗೆ ಮನೆ ಸೇರುವುದು ಬನಾರಸಿಗಳ ಹಳೆಯ ಚಾಳಿ. ಇದಕ್ಕೆ ಅವರು ‘ಬಹ್ರೀ ಅಲಂಗ್’ ಎನ್ನುತ್ತಾರೆ. ತಿರುಗಾಟಕ್ಕೆ ಒಪ್ಪಿದ ಈ ದಡ ಸಾಯುವುದಕ್ಕೆ ಮಾತ್ರ ಒಪ್ಪದು. ಭಿಕ್ಷೆ ಸಿಗದ ಸಿಟ್ಟಿನಲ್ಲಿ ಕಾಶಿಯನ್ನೇ ಶಪಿಸಿದ ವ್ಯಾಸರನ್ನು ಶಿವ ಹೊರಗಟ್ಟಿದ, ಅವರು ಇಲ್ಲಿ ನೆಲೆಸಿದರು ಎಂಬುದು ಪುರಾಣ. ಈ ‘ವ್ಯಾಸಕಾಶಿ’ಯಲ್ಲಿ ಸತ್ತವರು ಕತ್ತೆಯಾಗಿ ಹುಟ್ಟುತ್ತಾರೆ ಎಂಬುದು ಜನರ ನಂಬಿಕೆ. ಅದರಿಂದ ಪಾರಾಗಲು ಮಾಘಮಾಸದಲ್ಲಿ ವ್ಯಾಸರ ದರ್ಶನಕ್ಕೆ ಬರುವವರುಂಟು.

ಹೀಗಿದ್ದರೂ ಕಾಶಿಯ ಅರಸರು ವಾಸಕ್ಕೆ ಆರಿಸಿಕೊಂಡದ್ದು ಇದೇ ದಡವನ್ನು. ರಾಜಾ ಬಲವಂತ ಸಿಂಗ್ 1750ರ ಸುಮಾರಿಗೆ ಚುನಾರಿನ ಕಲ್ಲಿನಿಂದ ಇಲ್ಲಿ ಕೋಟೆ ಕಟ್ಟಿಸಿದ. ನಡುವೆ ಗಂಗೆಯಿದ್ದರೆ ಎಷ್ಟು ಅನುಕೂಲವೆಂಬುದು 1781ರಲ್ಲಿ ತಿಳಿಯಿತು. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಹೆಚ್ಚಿನ ಹಣಕ್ಕಾಗಿ ಪೀಡಿಸಿ, ಬಲವಂತ ಸಿಂಗನ ಮಗ ರಾಜಾ ಚೇತ ಸಿಂಗನನ್ನು ಪಶ್ಚಿಮದಡದ ಶಿವಾಲಾ ಅರಮನೆಯಲ್ಲಿ ಸೆರೆಯಿಟ್ಟಾಗ, ರಾಜ ಕಿಟಕಿಯಿಂದ ಇಳಿದು ಹೊಳೆ ದಾಟಿ ರಾಮನಗರ ಸೇರಿದ. ಬೆನ್ನಟ್ಟಿ ಬಂದ ಕಂಪನಿಯ ತುಕಡಿ ಊರಿನ ಓಣಿಗಳಲ್ಲಿ ಸಿಕ್ಕಿ ಸೋತಿತು. ಆದರೂ ಚೇತ ಸಿಂಗನ ಗದ್ದುಗೆ ಉಳಿಯಲಿಲ್ಲ. 1911ರಲ್ಲಿ ಬ್ರಿಟಿಷರು ಬನಾರಸ್ಸನ್ನು ದೇಶೀಯ ಸಂಸ್ಥಾನವೆಂದು ಮಾನ್ಯ ಮಾಡಿದಾಗ ರಾಮನಗರ ರಾಜಧಾನಿಯಾಯಿತು; 1949ರಲ್ಲಿ ಸಂಸ್ಥಾನ ವಿಲೀನವಾಯಿತು. ಕೋಟೆಯ ಸರಸ್ವತಿ ಭವನ ವಸ್ತುಸಂಗ್ರಹಾಲಯದಲ್ಲಿ ಪಲ್ಲಕ್ಕಿ, ದಂತದ ಕೆಲಸ, ಹಳೆಯ ಕಾರು, ಖಗೋಳ ಗಡಿಯಾರಗಳಿವೆ. ಲಾಲ್ ಬಹಾದುರ್ ಶಾಸ್ತ್ರಿಗಳ ಮನೆಯೂ ಈ ಊರಿನಲ್ಲಿದೆ.

ಊರಿಗೆ ದೊಡ್ಡ ಹೆಸರು ತಂದದ್ದು ರಾಮಲೀಲಾ. ಕಾಶಿಯ ಅರಸ ಉದಿತ ನಾರಾಯಣ ಸಿಂಗನ ಕಾಲದಲ್ಲಿ, 19ನೆಯ ಶತಮಾನದ ಮೊದಲ ಭಾಗದಲ್ಲಿ ಇದು ಈಗಿನ ರೂಪಕ್ಕೆ ಬಂತು. ಭಾದ್ರಪದದ ಅನಂತ ಚತುರ್ದಶಿಯಿಂದ ಸುಮಾರು ಒಂದು ತಿಂಗಳು ನಡೆಯುವ ಈ ಆಟಕ್ಕೆ ಒಂದೇ ರಂಗಸ್ಥಳವಿಲ್ಲ, ಊರೇ ರಂಗಸ್ಥಳ. ಅಯೋಧ್ಯೆ, ಜನಕಪುರ, ಪಂಚವಟಿ, ಲಂಕೆಗಳಿಗೆ ಕೆಲವು ಕಿಲೋಮೀಟರು ಹರವಿನಲ್ಲಿ ಗೊತ್ತಾದ ಜಾಗಗಳಿವೆ. ರಾಮ ಕಾಡಿಗೆ ಹೊರಟರೆ ಜನರೂ ನಡೆಯಬೇಕು. ಧ್ವನಿವರ್ಧಕವಿಲ್ಲ, ವಿದ್ಯುದ್ದೀಪವಿಲ್ಲ, ಪೆಟ್ರೋಮ್ಯಾಕ್ಸ್ ಮತ್ತು ಪಂಜಿನ ಬೆಳಕು. ತುಳಸೀದಾಸರ ರಾಮಚರಿತಮಾನಸವನ್ನು ರಾಮಾಯಣಿಗಳು ಹಾಡಿ ನಿಲ್ಲಿಸಿದೊಡನೆ ಪಾತ್ರಗಳು ಮಾತಾಡುತ್ತವೆ. ರಾಮ, ಲಕ್ಷ್ಮಣ, ಸೀತೆಯಾಗುವವರು ಎಳೆಯ ಹುಡುಗರು. ಆನೆಯೇರಿ ಬರುವ ಕಾಶಿ ನರೇಶ, ಅಂದರೆ ಹಳೆಯ ರಾಜಮನೆತನದ ಹಿರಿಯ, ಸಂಧ್ಯಾವಂದನೆಗೆ ಎದ್ದರೆ ಆಟವೂ ನಿಲ್ಲುತ್ತದೆ. ನಮ್ಮ ಬಯಲಾಟ ಕಂಡವರಿಗೂ ಇದರ ನಿಧಾನಗತಿ ಹೊಸದೆನಿಸೀತು. ಭಾರತದ ರಾಮಲೀಲಾ ಪರಂಪರೆ 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಕೋಟೆಯಿಂದ ಮಾಳವೀಯ ಸೇತುವೆಯವರೆಗಿನ 7 ಕಿ.ಮೀ. ಹೊಳೆ 1989ರಿಂದ ಆಮೆಗಳ ಅಭಯಾರಣ್ಯವಾಗಿತ್ತು. 2020ರಲ್ಲಿ ಆ ಮಾನ್ಯತೆ ರದ್ದಾಯಿತು. 2018ರ ನವೆಂಬರಿನಲ್ಲಿ ರಾಮನಗರದ ಸರಕು ಬಂದರು ಉದ್ಘಾಟನೆಯಾಯಿತು. ಮಳೆಗಾಲ ಕಳೆದ ಮೇಲೆ ಜೋಡಿಸುತ್ತಿದ್ದ ತೇಲುಸೇತುವೆಯ ಬದಲು ಈಗ ಕಾಯಂ ಸೇತುವೆಯಿದೆ. 2023ರ ಜನವರಿಯಲ್ಲಿ ಘಟ್ಟಗಳ ಎದುರಿನ ಮರಳಿನ ಮೇಲೆ ಐಷಾರಾಮಿ ‘ಟೆಂಟ್ ಸಿಟಿ’ ಎದ್ದಿತು. ಮರಳಿನಲ್ಲಿ ರಾತ್ರಿ ಕಳೆಯಲು ಹಣ ತೆರುವ ಪದ್ಧತಿ ಬಹ್ರೀ ಅಲಂಗಿಗೆ ಹೊಸದಾಗಿತ್ತು. ನದಿಪಾತ್ರದಲ್ಲಿ ಇಂಥ ವಸತಿ ಸರಿಯೇ ಎಂಬ ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.