ಒತ್ತಿದವರ ಲೆಕ್ಕ, ಓದಿದವರ ಲೆಕ್ಕ

ಸಾವಿರ ಸಲ ತೋರಿಸಿದರೆ ಏಳು ಸಲ ಒತ್ತುತ್ತಾರೆ. ಶಿಕ್ಷಣ ಕ್ಷೇತ್ರದ ಜಾಹೀರಾತಿನವರ ನಡುವೆ ಬಹಳ ಓಡಾಡಿದ ಅಂಕಿಯೊಂದನ್ನು ಆಡುಮಾತಿನಲ್ಲಿ ಹೇಳಿದರೆ ಹೀಗಾಗುತ್ತದೆ. ಅಮೆರಿಕದ ವರ್ಡ್‌ಸ್ಟ್ರೀಮ್ ಎಂಬ ಜಾಹೀರಾತು ತಂತ್ರಾಂಶ ಕಂಪನಿ 2017ರಲ್ಲಿ ಫೇಸ್‌ಬುಕ್ ಜಾಹೀರಾತುಗಳ ಫಲಿತಾಂಶವನ್ನು ಕ್ಷೇತ್ರವಾರು ವಿಂಗಡಿಸಿ ಪ್ರಕಟಿಸಿತು. ಜಾಹೀರಾತು ಎಷ್ಟು ಸಲ ಪರದೆಯ ಮೇಲೆ ಕಾಣಿಸಿಕೊಂಡಿತು, ಅದರಲ್ಲಿ ಎಷ್ಟು ಸಲ ಯಾರಾದರೂ ಅದನ್ನು ಒತ್ತಿದರು ಎಂಬ ಅನುಪಾತಕ್ಕೆ ಕ್ಲಿಕ್-ಥ್ರೂ ರೇಟ್ ಎಂದು ಹೆಸರು. ಆ ಪಟ್ಟಿಯಲ್ಲಿ ಎಲ್ಲ ಕ್ಷೇತ್ರಗಳ ಸರಾಸರಿ ಶೇ. 0.90 ಇತ್ತು, ಶಿಕ್ಷಣದ್ದು ಶೇ. 0.73. ವಕೀಲರ ಜಾಹೀರಾತುಗಳು ಶೇ. 1.61ರಷ್ಟು, ಅಂದರೆ ಶಿಕ್ಷಣದ ಎರಡು ಪಟ್ಟಿಗಿಂತ ಹೆಚ್ಚು ಕ್ಲಿಕ್ ಪಡೆದಿದ್ದವು.

ಇಷ್ಟನ್ನೇ ನೋಡಿದರೆ ಜನರಿಗೆ ಓದಿನ ಮೇಲೆ ಅಷ್ಟಾಗಿ ಆಸಕ್ತಿಯಿಲ್ಲ ಅನ್ನಿಸಬಹುದು. ಆದರೆ ಅದೇ ವರದಿಯ ಇನ್ನೊಂದು ಪಟ್ಟಿ ಬೇರೆ ಕಥೆ ಹೇಳುತ್ತದೆ. ಒತ್ತಿದ ಮೇಲೆ ಎಷ್ಟು ಮಂದಿ ಫಾರಂ ತುಂಬಿದರು, ಫೋನ್ ನಂಬರ್ ಕೊಟ್ಟರು, ಹೆಸರು ನೋಂದಾಯಿಸಿದರು? ಎಲ್ಲ ಕ್ಷೇತ್ರಗಳ ಸರಾಸರಿ ಶೇ. 9.21 ಇದ್ದರೆ ಶಿಕ್ಷಣದಲ್ಲಿ ಅದು ಶೇ. 13.58. ಒತ್ತುವವರು ಕಡಿಮೆ. ಆದರೆ ಒತ್ತಿದವರು ಅರ್ಧಕ್ಕೆ ಹಿಂದಿರುಗುವುದೂ ಕಡಿಮೆ. ಚಪ್ಪಲಿ ಕೊಳ್ಳಲು ಒತ್ತುವ ಬೆರಳಿಗೂ ಕೋರ್ಸ್ ಕೊಳ್ಳಲು ಒತ್ತುವ ಬೆರಳಿಗೂ ವ್ಯತ್ಯಾಸವಿದೆ. ಎರಡನೆಯದರ ಹಿಂದೆ ಬದುಕನ್ನು ಬದಲಿಸಿಕೊಳ್ಳಬೇಕೆಂಬ ಆಸೆ ಇರುತ್ತದೆ. ಆ ಆಸೆಯನ್ನು ಎಣಿಸುವ ಪದ್ಧತಿ ಫೇಸ್‌ಬುಕ್ಕಿನಿಂದ ಹುಟ್ಟಿದ್ದಲ್ಲ. ಅದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿದೆ. ಮೊದಲಿನಿಂದಲೂ ಆ ಪದ್ಧತಿ ಒಂದನ್ನು ಬಹಳ ಎಚ್ಚರದಿಂದ ಎಣಿಸಿದೆ, ಇನ್ನೊಂದನ್ನು ಎಣಿಸದೆ ಬಿಟ್ಟಿದೆ.

ಕಥೆ ಶುರುವಾಗುವುದು ಕಲ್ಲಿದ್ದಲ ಗಣಿಯಿಂದ. ಪೆನ್ಸಿಲ್ವೇನಿಯಾ ರಾಜ್ಯ 1885ರಲ್ಲಿ ಗಣಿ ಸುರಕ್ಷತೆಯ ಕಾಯ್ದೆ ತಂದು, ಗಣಿಯ ಮೇಸ್ತ್ರಿಗಳೂ ತಪಾಸಣಾಧಿಕಾರಿಗಳೂ ಪರೀಕ್ಷೆ ಪಾಸಾಗಲೇಬೇಕೆಂದು ವಿಧಿಸಿತು. ಶಾಲೆಯ ಮುಖ ಅಷ್ಟಾಗಿ ಕಾಣದ ಗಣಿ ಕಾರ್ಮಿಕರು ಗಣಿತ, ಗಾಳಿಯ ಹರಿವು, ಸಿಡಿಯುವ ಅನಿಲಗಳ ಬಗ್ಗೆ ಎಲ್ಲಿ ಕಲಿಯಬೇಕು? ಗಣಿ ಕೆಲಸಗಾರರಿಗಾಗಿ ಪತ್ರಿಕೆ ನಡೆಸುತ್ತಿದ್ದ ಥಾಮಸ್ ಫಾಸ್ಟರ್ ಎಂಬ ಸಂಪಾದಕ ಓದುಗರ ಪ್ರಶ್ನೆಗಳಿಗೆ ಅಂಕಣದಲ್ಲಿ ಉತ್ತರ ಕೊಡತೊಡಗಿದ. ಆ ಅಂಕಣವೇ ಬೆಳೆದು 1891ರಲ್ಲಿ ಸ್ಕ್ರ್ಯಾಂಟನ್ ಊರಿನಲ್ಲಿ ಅಂಚೆ ಮೂಲಕ ಪಾಠ ಹೇಳುವ ಸಂಸ್ಥೆಯಾಯಿತು. ಮುಂದೆ ಅದು ಇಂಟರ್‌ನ್ಯಾಷನಲ್ ಕರೆಸ್ಪಾಂಡೆನ್ಸ್ ಸ್ಕೂಲ್ಸ್ ಎಂದು ಹೆಸರಾಯಿತು. 1906ರ ಹೊತ್ತಿಗೆ ಅಲ್ಲಿ ಹೆಸರು ನೋಂದಾಯಿಸಿದವರ ಒಟ್ಟು ಸಂಖ್ಯೆ ಸುಮಾರು ಒಂಬತ್ತು ಲಕ್ಷ. ನಿಜವಾದ ಕೊರತೆಯೊಂದನ್ನು ತುಂಬಲು ಹುಟ್ಟಿದ ಸಂಸ್ಥೆ ಇದು ಎಂಬುದನ್ನು ಮರೆಯಬಾರದು. ಅಲ್ಲಿ ಓದಿ ಮೇಲೆ ಬಂದ ಕಾರ್ಮಿಕರೂ ಇದ್ದರು.

ಇಷ್ಟು ಜನರನ್ನು ತಲುಪಿಸಿದ್ದರಲ್ಲಿ ಜಾಹೀರಾತಿನ ಪಾಲು ದೊಡ್ಡದು. ಜನಪ್ರಿಯ ಪತ್ರಿಕೆಗಳಲ್ಲಿ ಈ ಸಂಸ್ಥೆಯ ಜಾಹೀರಾತಿನ ತಳದಲ್ಲಿ ಒಂದು ಕೂಪನ್ ಇರುತ್ತಿತ್ತು. ಅದರಲ್ಲಿ ಉದ್ಯೋಗಗಳ ಉದ್ದ ಪಟ್ಟಿ: ಎಲೆಕ್ಟ್ರಿಕಲ್ ಎಂಜಿನಿಯರ್, ನಕಾಶೆಗಾರ, ಲೆಕ್ಕಿಗ, ಗಣಿ ಮೇಸ್ತ್ರಿ. ನಿಮಗೆ ಬೇಕಾದ ಕೆಲಸದ ಮುಂದೆ ಒಂದು ಗುರುತು ಹಾಕಿ, ಹೆಸರು ವಿಳಾಸ ಬರೆದು, ಕತ್ತರಿಸಿ ಅಂಚೆಗೆ ಹಾಕಿದರೆ ಸಾಕು. ಈಗಿನ ಕ್ಲಿಕ್‌ನ ಮುತ್ತಾತ ಈ ಗುರುತು. ಕತ್ತರಿ, ಪೆನ್ನು, ಲಕೋಟೆ, ಅಂಚೆಚೀಟಿ ಇವೆಲ್ಲ ಬೇಕಿದ್ದ ಕಾಲದಲ್ಲಿ ಇಂಥ ಗುರುತು ಹಾಕುವವನು ರಾತ್ರಿಯೆಲ್ಲ ಒಮ್ಮೆಯಾದರೂ ಯೋಚಿಸಿರುತ್ತಿದ್ದ.

ಕೂಪನ್ನಿನ ಗುಟ್ಟು ಅದರ ವಿಳಾಸದಲ್ಲಿತ್ತು. ಊರು ಅದೇ ಸ್ಕ್ರ್ಯಾಂಟನ್, ಆದರೆ ಬಾಕ್ಸ್ ಸಂಖ್ಯೆ ಬೇರೆ ಬೇರೆ. ಓದುಗ ಅದನ್ನು ಗಮನಿಸುತ್ತಿರಲಿಲ್ಲ, ಕಚೇರಿಯಲ್ಲಿ ಲಕೋಟೆ ಬಿಡಿಸುವ ಗುಮಾಸ್ತ ಗಮನಿಸುತ್ತಿದ್ದ. ಯಾವ ಜಾಹೀರಾತಿನಿಂದ ಎಷ್ಟು ಕೂಪನ್ ಬಂದವು, ಅವಕ್ಕೆ ತಗುಲಿದ ಖರ್ಚೆಷ್ಟು ಎಂಬ ಲೆಕ್ಕ ಅಲ್ಲಿಂದ ಸಿಗುತ್ತಿತ್ತು. ಜಾಹೀರಾತು ಬರಹಗಾರ ಕ್ಲಾಡ್ ಹಾಪ್‌ಕಿನ್ಸ್ 1923ರಲ್ಲಿ ಪ್ರಕಟಿಸಿದ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಪುಸ್ತಕದಲ್ಲಿ ಈ ಪದ್ಧತಿಯನ್ನೇ ಶಾಸ್ತ್ರವಾಗಿ ಎತ್ತಿಹಿಡಿದ. ಜಾಹೀರಾತು ಚೆನ್ನಾಗಿದೆಯೋ ಇಲ್ಲವೋ ಎಂಬ ಚರ್ಚೆ ಬೇಡ, ಹಿಂತಿರುಗಿ ಬಂದ ಕೂಪನ್ ಎಣಿಸಿ ಎಂಬುದು ಅವನ ವಾದದ ತಿರುಳು.

ಎಣಿಕೆ ಬಂದ ಮೇಲೆ ಭಾಷೆಯೂ ಬದಲಾಯಿತು. 1926ರಲ್ಲಿ ಜಾನ್ ಕೇಪಲ್ಸ್ ಎಂಬ ಯುವ ಬರಹಗಾರ ಅಂಚೆ ಮೂಲಕ ಸಂಗೀತ ಕಲಿಸುವ ಸಂಸ್ಥೆಯೊಂದಕ್ಕೆ ಬರೆದ ಜಾಹೀರಾತು ಇಂದಿಗೂ ಆ ವೃತ್ತಿಯವರಿಗೆ ಪಾಠ. ಪಿಯಾನೋ ಮುಂದೆ ಕೂತವನನ್ನು ನೋಡಿ ಗೆಳೆಯರು ನಗುತ್ತಾರೆ, ಅವನು ನುಡಿಸತೊಡಗಿದಾಗ ಬೆರಗಾಗುತ್ತಾರೆ. ಸ್ವರ, ಸರಳೆ, ಅಭ್ಯಾಸದ ಬೇಸರ ಯಾವುದೂ ಆ ಕಥೆಯ ಮುಂಚೂಣಿಯಲ್ಲಿಲ್ಲ. ಇರುವುದು ಅವಮಾನ ಮತ್ತು ಅದರಿಂದ ಬಿಡುಗಡೆ. ಕೂಪನ್ ತರುವುದು ಇವೇ ಎಂದು ಲೆಕ್ಕ ತೋರಿಸಿದರೆ, ಬರೆಯುವವನು ಪಾಠದ ಬಗ್ಗೆ ಯಾಕೆ ಬರೆದಾನು?

ಅದೇ 1926ರಲ್ಲಿ ಇನ್ನೊಬ್ಬ ಇನ್ನೊಂದು ಲೆಕ್ಕ ಮಾಡಿದ. ಅಮೆರಿಕದ ಅಂಚೆ ಶಾಲೆಗಳನ್ನು ಅಧ್ಯಯನ ಮಾಡಿದ ಜಾನ್ ನಾಫ್‌ಸಿಂಗರ್, ಸೇರಿದವರಲ್ಲಿ ಕೋರ್ಸ್ ಮುಗಿಸಿದವರೆಷ್ಟು ಎಂದು ಕೇಳಿದ. ಅವನಿಗೆ ಸಿಕ್ಕ ಉತ್ತರ: ನೂರಕ್ಕೆ ಮೂವರೂ ಇಲ್ಲ. ಶುಲ್ಕವನ್ನು ಮುಂಗಡವಾಗಿಯೋ ಕರಾರು ಮಾಡಿಸಿಕೊಂಡು ಕಂತಿನಲ್ಲಿಯೋ ವಸೂಲು ಮಾಡುವ ಶಾಲೆಗೆ, ವಿದ್ಯಾರ್ಥಿ ಮೂರನೆಯ ಪಾಠಕ್ಕೇ ನಿಲ್ಲಿಸಿದರೆ ನಷ್ಟವೇನೂ ಇಲ್ಲ. ಉಳಿದ ಪಾಠಗಳನ್ನು ತಿದ್ದುವ ಖರ್ಚು ಉಳಿಯುತ್ತದೆ. ಒಂದು ಕೂಪನ್ನಿಗೆ ಎಷ್ಟು ಸೆಂಟ್ ಖರ್ಚಾಯಿತೆಂದು ಅಷ್ಟು ಶ್ರದ್ಧೆಯಿಂದ ಬರೆದಿಡುತ್ತಿದ್ದ ಉದ್ಯಮದ ಇನ್ನೊಂದು ಲೆಕ್ಕವನ್ನು ಹೊರಗಿನವನೊಬ್ಬ ಬಂದು ಮುಂದಿಡಬೇಕಾಯಿತು.

ಕೂಪನ್ ಕ್ಲಿಕ್ ಆಗಿದ್ದು 1994ರ ಅಕ್ಟೋಬರ್ 27ರಂದು. ಆ ದಿನ ಹಾಟ್‌ವೈರ್ಡ್ ಎಂಬ ಜಾಲತಾಣ ತನ್ನ ಪುಟಗಳಲ್ಲಿ ಬ್ಯಾನರ್ ಜಾಹೀರಾತುಗಳನ್ನು ಹಾಕಿತು. ಅವುಗಳಲ್ಲಿ ಹೆಸರಾದದ್ದು ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿಯದು. ಅದನ್ನು ಒತ್ತಿದವರು ಕಲಾ ಸಂಗ್ರಹಾಲಯಗಳ ಪ್ರವಾಸಕ್ಕೆ ತಲುಪುತ್ತಿದ್ದರು. ನೋಡಿದವರಲ್ಲಿ ಶೇ. 44 ಮಂದಿ ಒತ್ತಿದರೆಂದು ಅದನ್ನು ರೂಪಿಸಿದವರು ಹೇಳಿಕೊಂಡಿದ್ದಾರೆ. ಹೊಸತನದ ಆ ಕುತೂಹಲ ಬೇಗ ಕರಗಿತು. ಎರಡು ದಶಕಗಳಲ್ಲಿ ನಾವು 44ರಿಂದ ಒಂದಕ್ಕಿಂತ ಕೆಳಗೆ ಬಂದಿದ್ದೇವೆ.

ಅದಕ್ಕಿಂತ ದೊಡ್ಡ ತಿರುವು 2002ರದು. ಗೂಗಲ್ ತನ್ನ ಆ್ಯಡ್‌ವರ್ಡ್ಸ್ ವ್ಯವಸ್ಥೆಯನ್ನು ಬದಲಿಸಿ, ಒತ್ತಿದಾಗ ಮಾತ್ರ ಹಣ ಎಂಬ ಪದ್ಧತಿಗೆ ಬಂತು. ಯಾವ ಜಾಹೀರಾತು ಮೇಲೆ ಬರಬೇಕೆಂಬುದನ್ನು ಹರಾಜಿನ ಮೊತ್ತವೊಂದೇ ನಿರ್ಧರಿಸಲಿಲ್ಲ, ಅದರ ಕ್ಲಿಕ್ ದರವೂ ಸೇರಿ ನಿರ್ಧರಿಸಿತು. ಹೆಚ್ಚು ಜನ ಒತ್ತುವ ಜಾಹೀರಾತಿಗೆ ಕಡಿಮೆ ಬೆಲೆಯಲ್ಲಿ ಒಳ್ಳೆಯ ಜಾಗ. ಫೇಸ್‌ಬುಕ್ಕಿನ ಹರಾಜಿನಲ್ಲೂ ಜನ ಸ್ಪಂದಿಸುವ ಸಾಧ್ಯತೆ ಎಷ್ಟೆಂಬ ಅಂದಾಜು ಹೀಗೆಯೇ ಬೆಲೆಯೊಳಗೆ ಸೇರಿಕೊಂಡಿದೆ. ಅಲ್ಲಿಯವರೆಗೆ ಅಳತೆಗೋಲಾಗಿದ್ದದ್ದು ಈಗ ಬೆಲೆಪಟ್ಟಿಯೂ ಆಯಿತು. ಮೂರು ವರ್ಷ ಕಷ್ಟಪಟ್ಟು ಓದಬೇಕು ಎಂದು ನಿಜ ಹೇಳುವ ಕಾಲೇಜಿನ ಜಾಹೀರಾತು ಕಡಿಮೆ ಕ್ಲಿಕ್ ಪಡೆದರೆ, ಆ ಪ್ರಾಮಾಣಿಕತೆಗೆ ಹೆಚ್ಚು ದುಡ್ಡು ತೆರಬೇಕು.

ಇಂಥ ವ್ಯವಸ್ಥೆಯಲ್ಲಿ ಎಲ್ಲರಿಗೂ ಒಂದು ಬೆಂಚ್‌ಮಾರ್ಕ್ ಬೇಕೆನ್ನಿಸುವುದು ಸಹಜ. ಬೆಂಚ್‌ಮಾರ್ಕ್ ಮೂಲತಃ ಭೂಮಾಪನದ ಪದ. ಅಳತೆಗಾರರು ಗಟ್ಟಿಯಾದ ಕಲ್ಲಿನ ಮೇಲೆ ಅಡ್ಡಗೀಟು ಕೊರೆದು ಅದನ್ನು ಆಧಾರವಾಗಿಟ್ಟುಕೊಂಡು ಸುತ್ತಲಿನ ಎತ್ತರಗಳನ್ನು ಅಳೆಯುತ್ತಿದ್ದರು. ಕಲ್ಲು ಅಲುಗಬಾರದು ಎಂಬುದೇ ಮುಖ್ಯ. ಆದರೆ ಶೇ. 0.73ರ ಕಲ್ಲು ಯಾವುದು? ವರ್ಡ್‌ಸ್ಟ್ರೀಮ್ ಬಳಸಿದ್ದು ಅಮೆರಿಕದಲ್ಲಿದ್ದ ತನ್ನದೇ 256 ಗ್ರಾಹಕ ಖಾತೆಗಳನ್ನು, ಅದೂ 2016ರ ನವೆಂಬರಿನಿಂದ 2017ರ ಜನವರಿವರೆಗಿನ ಅವಧಿಯದು. ಆ 256 ಖಾತೆಗಳು ಎಲ್ಲ ಕ್ಷೇತ್ರಗಳಿಗೂ ಸೇರಿದವು, ಶಿಕ್ಷಣದ ಪಾಲಿಗೆ ಅದರಲ್ಲೊಂದು ತುಣುಕು. ಕಂಪನಿ ಇದನ್ನು ಮುಚ್ಚಿಡಲಿಲ್ಲ, ವರದಿಯಲ್ಲೇ ಹೇಳಿತ್ತು. ಅಂಕಿ ಕೈಯಿಂದ ಕೈಗೆ ಹೋಗುವಾಗ ಆ ಸಾಲು ಉದುರಿಹೋಗುತ್ತದೆ, ಅಷ್ಟೆ. ಕ್ಲಿಕ್ ಎಂದರೇನು ಎಂಬುದೂ ಸ್ಥಿರವಲ್ಲ. ಲೈಕ್, ಕಾಮೆಂಟ್ ಎಲ್ಲವನ್ನೂ ಕ್ಲಿಕ್ ಎಂದು ಎಣಿಸಿ ದರ ಕಟ್ಟುತ್ತಿದ್ದ ಫೇಸ್‌ಬುಕ್ 2015ರಲ್ಲಿ ಅವನ್ನು ಆ ಲೆಕ್ಕದಿಂದ ಹೊರಗಿಟ್ಟಿತು. ಮೂರು ತಿಂಗಳ, ಒಂದು ದೇಶದ, ಒಂದು ಕಂಪನಿಯ ಗ್ರಾಹಕರ ಲೆಕ್ಕವನ್ನು ಬೇರೊಂದು ಊರಿನ ಕಾಲೇಜು ತನ್ನ ಗುರಿಯಾಗಿ ಗೋಡೆಗೆ ಅಂಟಿಸಿಕೊಳ್ಳುವುದು, ಹೊಳೆಯಲ್ಲಿ ತೇಲುವ ದೋಣಿಗೆ ಗೀಟು ಹಾಕಿ ದಡದ ಎತ್ತರ ಅಳೆದಂತೆ.

ಒತ್ತಿದವರನ್ನು ಮಾತ್ರ ಎಣಿಸುವ ಉದ್ಯಮ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 2012ರ ಅಮೆರಿಕನ್ ಸೆನೆಟ್ ಸಮಿತಿಯ ವರದಿ ಸಾಕ್ಷಿ. ಸೆನೆಟರ್ ಟಾಮ್ ಹಾರ್ಕಿನ್ ನೇತೃತ್ವದ ಸಮಿತಿ ಲಾಭಕ್ಕಾಗಿ ಕಾಲೇಜು ನಡೆಸುವ 30 ಕಂಪನಿಗಳನ್ನು ಪರಿಶೀಲಿಸಿತು. 2009ರಲ್ಲಿ ಅವು ತಮ್ಮ ಆದಾಯದಲ್ಲಿ ಶೇ. 22.7 ಭಾಗವನ್ನು ಜಾಹೀರಾತು ಮತ್ತು ವಿದ್ಯಾರ್ಥಿ ಭರ್ತಿಗೆ ಸುರಿದಿದ್ದವು. ಪಾಠ ಹೇಳಲು ಖರ್ಚು ಮಾಡಿದ್ದು ಶೇ. 17.2. 2008–09ರಲ್ಲಿ ಸೇರಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 2010ರ ನಡುವಿನ ಹೊತ್ತಿಗೆ ಪದವಿಯಿಲ್ಲದೆ ಹೊರಬಿದ್ದಿದ್ದರು. ಸ್ಕ್ರ್ಯಾಂಟನ್ನಿನ ಕಾಲದಲ್ಲಿ ಬಿಟ್ಟವನು ಕಳೆದುಕೊಂಡದ್ದು ಕೆಲವು ಕಂತಿನ ದುಡ್ಡು. ಇವರಲ್ಲಿ ಬಹಳಷ್ಟು ಮಂದಿಯ ತಲೆಯ ಮೇಲೆ ಸರ್ಕಾರಿ ಶಿಕ್ಷಣ ಸಾಲ ಉಳಿಯಿತು. ಇಂಥದೇ ದೊಡ್ಡ ಸಂಸ್ಥೆ ಯೂನಿವರ್ಸಿಟಿ ಆಫ್ ಫೀನಿಕ್ಸ್ ತನ್ನ ಜಾಹೀರಾತುಗಳಲ್ಲಿ ದೊಡ್ಡ ಕಂಪನಿಗಳ ಜೊತೆ ನಂಟಿದೆಯೆಂಬ ಭ್ರಮೆ ಹುಟ್ಟಿಸಿತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2019ರಲ್ಲಿ ಅದು 19.1 ಕೋಟಿ ಡಾಲರಿನ ಒಪ್ಪಂದಕ್ಕೆ ಬಂತು. ಆ ಜಾಹೀರಾತುಗಳಲ್ಲಿ ಹೆಸರು ಬಳಕೆಯಾಗಿದ್ದ ಕಂಪನಿಗಳಲ್ಲಿ ಎಟಿ ಆ್ಯಂಡ್ ಟಿ ಕೂಡ ಒಂದು.

ನಮ್ಮ ನೆಲಕ್ಕೂ ಈ ಚರಿತ್ರೆ ಬಂದು ತಲುಪಿದೆ. ಬೆಂಗಳೂರಿನ ಬೈಜೂಸ್ 2019ರಲ್ಲಿ ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ತನ್ನ ಹೆಸರು ಹಾಕಿಸಿತು. 2024ರ ಜುಲೈನಲ್ಲಿ, ಆ ಪ್ರಾಯೋಜಕತ್ವದ ಸುಮಾರು 158 ಕೋಟಿ ರೂಪಾಯಿ ಬಾಕಿಗಾಗಿ ಕ್ರಿಕೆಟ್ ಮಂಡಳಿ ಹಾಕಿದ ಅರ್ಜಿಯ ಮೇಲೆ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. ಪಾಠ ಮಾರುವ ಕಂಪನಿಯನ್ನು ನ್ಯಾಯಮಂಡಳಿಯ ಆ ಬಾಗಿಲಿಗೆ ತಂದದ್ದು ಜಾಹೀರಾತಿನ ಸಾಲ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ತಂದಿತು. ಕೆಲಸದ ಭರವಸೆ, ಆಯ್ಕೆಯಾದವರ ಸುಳ್ಳು ಲೆಕ್ಕ ಕೂಡದು. ರ‍್ಯಾಂಕ್ ಪಡೆದವರ ಫೋಟೋ ಹಾಕುವುದಾದರೆ ಆಯ್ಕೆಯಾದ ಮೇಲೆ ಅವರ ಲಿಖಿತ ಒಪ್ಪಿಗೆ ಪಡೆಯಬೇಕು, ಅವರು ಯಾವ ಕೋರ್ಸ್ ಓದಿದ್ದರೆಂದು ಜೊತೆಗೇ ಹೇಳಬೇಕು. ನಾಫ್‌ಸಿಂಗರ್ 1926ರಲ್ಲಿ ಕೇಳಿದ ಪ್ರಶ್ನೆಯ ಒಂದು ತುದಿಯನ್ನು ಕಾನೂನು ಈಗ ಹಿಡಿದಿದೆ.

ಕ್ಲಿಕ್ ದರವನ್ನು ದೂರುವುದರಲ್ಲಿ ಅರ್ಥವಿಲ್ಲ. ಹಳ್ಳಿಯ ಪದವಿ ಕಾಲೇಜೊಂದು ತನ್ನ ಇರುವನ್ನು ತಿಳಿಸಲು ಕೆಲವು ಸಾವಿರ ರೂಪಾಯಿ ಖರ್ಚು ಮಾಡುವಾಗ, ಅದು ನೀರಿನಲ್ಲಿ ಹೋಮವಾಯಿತೋ ಇಲ್ಲವೋ ಎಂದು ನೋಡಿಕೊಳ್ಳಲು ಅದು ಬೇಕು. ತನ್ನದೇ ಹೋದ ತಿಂಗಳ ಅಂಕಿಯೊಡನೆ ಈ ತಿಂಗಳದ್ದನ್ನು ಹೋಲಿಸಿದರೆ ಯಾವುದೋ ದೇಶದ ಸರಾಸರಿಗಿಂತ ಹೆಚ್ಚು ತಿಳಿಯುತ್ತದೆ. ಆದರೆ ಅದು ಉತ್ತರಿಸುವುದು ಮಾರುವವನ ಪ್ರಶ್ನೆಗೆ. ಸೇರುವವನ ಪ್ರಶ್ನೆ ಬೇರೆ: ನನ್ನಂತೆ ಒತ್ತಿ ಸೇರಿದವರಲ್ಲಿ ಮುಗಿಸಿದವರೆಷ್ಟು, ಬಿಟ್ಟವರಿಗೆ ದುಡ್ಡು ವಾಪಸ್ಸು ಬಂತೇ? ಒಂದು ಬೆರಳು ಎಷ್ಟು ಹೊತ್ತಿಗೆ, ಯಾವ ಊರಿನಲ್ಲಿ, ಯಾವ ಫೋನಿನ ಮೇಲೆ ಒತ್ತಿತೆಂದು ಹೇಳಬಲ್ಲ ಸಂಸ್ಥೆಗೆ ಈ ಲೆಕ್ಕ ತಿಳಿಯದೆ ಇರುವುದಿಲ್ಲ. ಶುಲ್ಕ ಕಟ್ಟುವ ಮುನ್ನ ಅದನ್ನು ಬರಹದಲ್ಲಿ ಕೇಳಿ ಪಡೆಯುವುದು ವಿದ್ಯಾರ್ಥಿಯ ಹಕ್ಕು.