ಕಂದೀಲಿನ ಬತ್ತಿ, ಹವಳದ ದೀಪ

ಅಕ್ಕಾರೇ, ಚಿಗವ್ವಾರೇ, ಹೋದ ವಾರ ನಾ ಹಾಕಿದ್ದ ನೀಲಿ ಬೆಳಕಿನ ಫೋಟೊ ನೋಡಿ “ಇದೇನು ಹೋಟೆಲ್ಲೇನು?” ಅಂತ ಭಾಳ ಮಂದಿ ಕೇಳಿದ್ರಿ. ಹೋಟೆಲ್ ಅಲ್ರೀ, ಸಿಂಗಾಪುರದಾಗ ನನ್ನ ಮಗನ ಮನ್ಯಾಗಿರೋ ಹವಳದ ತೊಟ್ಟಿ. ಉಪ್ಪುನೀರು, ನಾಕು ಮೀನು, ಕಲ್ಲಿಗೆ ಅಂಟಿಕೊಂಡ ಜೀವಂತ ಹವಳ. ಅಲ್ಲಿ ನಾ ಮಾಡಿದ ಒಂದು ತಪ್ಪು ಹೇಳ್ಬೇಕಂದ್ರ ಮೊದಲು ನಮ್ಮ ದೀಪಗಳ ಇತಿಹಾಸ ಹೇಳ್ಬೇಕು.

ನಾ ಸಣ್ಣಾಕಿ ಇದ್ದಾಗ ದೇವದುರ್ಗದ ತವರುಮನ್ಯಾಗ ಕರೆಂಟು ಇತ್ತು, ಆದ್ರ ಕಂದೀಲಿಗೇ ಕೆಲಸ ಜಾಸ್ತಿ. ಸಂಜಿ ಆತಂದ್ರ ಗಾಜು ಬೂದಿಲೆ ತಿಕ್ಕಿ, ಬತ್ತಿ ಕತ್ತರಿಸಿ, ಚಿಮಣಿ ಎಣ್ಣಿ ಹಾಕೋದು ನನ್ನ ಪಾಳಿ. ಬೆಳಕು ಜಾಸ್ತಿ ಬರ್ಲಿ ಅಂತ ಬತ್ತಿ ಏರಿಸಿದ್ರ ಗಾಜು ಕರ್ರಗ ಆಗಿ ಇದ್ದ ಬೆಳಕೂ ಹೋಗ್ತಿತ್ತು. ಒಮ್ಮೆ ಗಾಜೇ ಚಟ್ಟಂತ ಒಡೀತು. “ಕೆಲಸಕ್ಕ ಎಷ್ಟು ಬೇಕೋ ಅಷ್ಟ ಏರ್ಸು” ಅಂತಿದ್ಲು ನಮ್ಮವ್ವ.

1985ರಾಗ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲನೇ ಘಟಕ ಶುರು ಆತು. ಮದುವಿ ಆಗಿ ಮಾನ್ವಿಗೆ ಬಂದಾಗ ಪಡಸಾಲಿಯೊಳಗ ಟ್ಯೂಬ್‌ಲೈಟು, ಅದರ ಚೋಕು, ಸ್ಟಾರ್ಟರ್. ರಾಯಚೂರಿಗೆ ಬಂದ ಮ್ಯಾಲೆ ಸುರುಳಿ ಸಿಎಫ್‌ಎಲ್. 2015ರ ಕೊನೆಗೆ ನಮ್ಮ ರಾಜ್ಯದಾಗ ‘ಹೊಸ ಬೆಳಕು’ ಯೋಜನೆ ಬಂದು ಮನಿಮನಿಗೂ 9 ವ್ಯಾಟಿನ ಎಲ್‌ಇಡಿ ಬಲ್ಬು. ಎಲ್ಲಾ ಚಲೋನೇ ಆತು. ಆದ್ರ ತಿರುವೋ ಬತ್ತಿ ಹೋಗಿ ಗುಂಡಿ ಬಂತು. ಹಚ್ಚು, ಇಲ್ಲಾ ಆರಿಸು. ನಡುವಿನ ಲೆಕ್ಕ ನನ್ನ ಕೈಗೆ ಮರ್ತೇ ಹೋತು.

ಈಗ ನನ್ನ ತಪ್ಪು. ಮಗನ ತೊಟ್ಟಿ ಮ್ಯಾಲಿನ ಎಲ್‌ಇಡಿ ಡಬ್ಬಿಗೆ ಎರಡು ತಿರುಗಣಿ ಇದ್ವು, ಒಂದು ನೀಲಿಗೆ, ಒಂದು ಬಿಳಿಗೆ. ಬಿಳಿ ಭಾಳ ಕಡಿಮಿ ಇಟ್ಟಿದ್ದ. ಮನಿಗೆ ಮಂದಿ ಬರೋರಿದ್ರು, ಇಷ್ಟು ಮಂಕು ಯಾಕಂತ ನಾ ಎರಡನ್ನೂ ಪೂರ್ತಿ ಏರಿಸಿಬಿಟ್ಟೆ. ತೊಟ್ಟಿ ಮದುವಿ ಮನಿ ಹಂಗ ಬೆಳಗಿತು. ಯಾರಿಗೂ ಹೇಳ್ಲಿಲ್ಲ, ಇಳಿಸಲೂ ಇಲ್ಲ. ನಾಕೈದು ದಿನಕ್ಕ ಮ್ಯಾಲಿನ ಕಲ್ಲಿನ ಹವಳ ಸುಣ್ಣ ಬಳಿದಂಗ ಬೆಳ್ಳಗ ಆತು. ಮಗ ಬೈಲಿಲ್ಲ. ಸೊಸಿ ಮಾತ್ರ ಮೆಲ್ಲಗ, “ಅತ್ತಿ, ಅದು ನಮಗ ಕಾಣೋ ಸಲುವಾಗಿ ಹಚ್ಚಿದ ದೀಪ ಅಲ್ರೀ, ಅವುಕ್ಕ ಊಟ” ಅಂದ್ಲು.

ಹವಳ ಗಿಡ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ದಿಬ್ಬ ಕಟ್ಟೋ ಹವಳದ ಮೈಯಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರ್ತದ. ಅದು ಬೆಳಕು ಕುಡಿದು ಸಕ್ಕರಿ ಮಾಡಿ ಹವಳಕ್ಕ ಉಣಿಸ್ತದ. ಬೆಳಕು ಕಡಿಮಿ ಆದ್ರ ಉಪವಾಸ. ಒಮ್ಮಿಂದೊಮ್ಮೆ ಜಾಸ್ತಿ ಆದ್ರ ಹವಳ ಆ ಪಾಚಿನ್ನೇ ಹೊರಗ ಹಾಕ್ತದ, ಅದಕ್ಕ ಬಣ್ಣ ಹೋಗ್ತದ. ನಮ್ಮ ತಾಳಿಸರದ ಕೆಂಪು ಹವಳದ ಜಾತಿ ಬ್ಯಾರೆ. ಅದು ಮೆಡಿಟರೇನಿಯನ್ ಸಮುದ್ರದ ನಸುಗತ್ತಲಿನಾಗ ಬೆಳೀತದ, ಅದಕ್ಕ ಪಾಚಿ ಇಲ್ಲ.

ಮನ್ಯಾಗ ಹವಳ ಸಾಕೋ ಕಥಿಯೂ ಬೆಳಕಿನ ಕಥಿನೇ. 1961ರಾಗ ಜಕಾರ್ತದ ಲೀ ಚಿನ್ ಎಂಗ್ ಅನ್ನೋರು ಬಿಸಿಲು ಬೀಳೋ ಜಾಗದಾಗ ತೊಟ್ಟಿ ಇಟ್ಟು ಹವಳ ಉಳಿಸಿಕೊಂಡಿದ್ದನ್ನ ಬರದ್ರು. ಬಿಸಿಲು ಸಾಲದ ದೇಶದವ್ರು ಮೆಟಲ್ ಹ್ಯಾಲೈಡ್ ಅನ್ನೋ ದೊಡ್ಡ ದೀಪ ಹಚ್ಚಿದ್ರು. ಒಂದೊಂದು 250, 400 ವ್ಯಾಟು, ನೀರು ಕಾಯ್ತಿತ್ತು. ಆಮ್ಯಾಲೆ ಟಿ5 ಅನ್ನೋ ಸಣ್ಣ ಟ್ಯೂಬುಗಳು ಬಂದ್ವು.

ಎಲ್‌ಇಡಿ ಯಾಕ ತಡ ಆತು? 1962ರಾಗ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದ್ರು, ಆದ್ರ ಪ್ರಕಾಶದ ನೀಲಿ ಬರಾಕ ಮೂವತ್ತು ವರ್ಷ ಹಿಡೀತು. ಜಪಾನಿನ ಅಕಸಾಕಿ, ಅಮಾನೊ ಹಾದಿ ಮಾಡಿದ್ರು. 1993ರಾಗ ನಕಾಮುರಾ ಛಲೋತ್ನಾಗಿ ಬೆಳಗೋ ನೀಲಿ ತಂದ್ರು. ಮೂವರಿಗೂ 2014ರ ನೊಬೆಲ್ ಬಂತು. ನಮ್ಮ ಅಡಿಗಿಮನಿ ಬಿಳಿ ಬಲ್ಬಿನೊಳಗೂ ಇರೋದು ಅದೇ ನೀಲಿ, ಮ್ಯಾಲೆ ಹಳದಿ ಪುಡಿ ಬಳಿದಿರ್ತಾರ. ಹವಳಕ್ಕೂ ನೀಲಿನೇ ಮುಖ್ಯ. ಸಮುದ್ರದ ನೀರು ಕೆಂಪನ್ನ ಮ್ಯಾಲೇ ನುಂಗ್ತದ, ನೀಲಿ ಆಳಕ್ಕ ಇಳೀತದ. ಅದಕ್ಕ ಮಗ ನೀಲಿ ಜಾಸ್ತಿ, ಬಿಳಿ ಕಡಿಮಿ ಇಟ್ಟಿದ್ದು.

ಅವ ಹೇಳಿದ ಲೆಕ್ಕ ಬರಕೊಂಡು ಬಂದೀನಿ. ದೀಪ ಕೊಳ್ಳುವಾಗ ಬರೇ ವ್ಯಾಟು ನೋಡ್ಬಾರ್ದು, ನೀಲಿ ಬಿಳಿ ಬ್ಯಾರೆ ಬ್ಯಾರೆ ಏರಿಸಿ ಇಳಿಸಾಕ ಬರ್ತದೇನು ನೋಡ್ಬೇಕು. ಪಾಚಿ ಕುಡಿಯೋ ಬೆಳಕನ್ನ ಪಾರ್ ಮೀಟರಿನಿಂದ ಅಳೀತಾರ. ಮೆತ್ತನ ಹವಳಕ್ಕ ಸುಮಾರು 50ರಿಂದ 150, ಟೊಂಗಿ ಟೊಂಗಿಯಾಗಿ ಬೆಳೆಯೋ ಕಲ್ಲುಹವಳಕ್ಕ 200ರಿಂದ 300. ದಿನಕ್ಕ 8–10 ತಾಸು ಸಾಕು. ಹೊಸ ದೀಪ ಅರ್ಧಕ್ಕಿಂತ ಕಡಿಮಿ ಇಟ್ಟು, ವಾರಕ್ಕ ಸ್ವಲ್ಪ ಸ್ವಲ್ಪ ಏರಿಸ್ಬೇಕು. ಹವಳ ಮಂಕಾತಂದ್ರ ತಿರುಗಿ ಇಳಿಸ್ಬೇಕು.

ನಮ್ಮ ಓಣಿ ಹುಡುಗರು ಕೇಳಾಕತ್ತಾರ, ರಾಯಚೂರಾಗೂ ಇಡಬಹುದೇನು ಅಂತ. ಬ್ಯಾಡ್ರೆಪಾ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗೆ, ಅಂದ್ರ ಹುಲಿ ಇರೋ ಪಟ್ಟಿಗೆ, 2001ರಾಗ ಕಲ್ಲುಹವಳನೂ ಸೇರಿಸ್ಯಾರ. ನೋಡೋ ಆಸಿ ಇದ್ರ ಮುರ್ಡೇಶ್ವರದ ಕಡೆ ನೇತ್ರಾಣಿ ದ್ವೀಪದ ಸುತ್ತ ಸಮುದ್ರದಾಗೇ ಅದ.

ಬೆಳ್ಳಗಾದ ಎರಡರಾಗ ಒಂದು ಹವಳಕ್ಕ ಎರಡು ತಿಂಗಳಿಗೆ ಬಣ್ಣ ಬಂತು. ಇನ್ನೊಂದು ಬರ್ಲಿಲ್ಲ. ಅದರ ಒಣಗಿದ ತುಂಡು ನೆನಸಿಕೊಂಡ್ರ ಇವತ್ತಿಗೂ ಹೊಟ್ಟ್ಯಾಗ ಕಸಿವಿಸಿ ಆಗ್ತದ.

ಈಗ ಮಗ ಹೊಸ ದೀಪ ತಂದಾನ. ಮೊದಲನೇ ವಾರ ನೂರಕ್ಕ ಮೂವತ್ತು ಇಟ್ಟು ತೆಗೆದ ಫೋಟೊನೇ ನೀವು ನೋಡಿದ್ದು. ನಿನ್ನೆ ಫೋನ್ ಮಾಡಿ, “ಏರಿಸ್ಲೇನವ್ವಾ?” ಅಂತ ನಗ್ತಾ ಕೇಳಿದ.

“ಇನ್ನೊಂದು ವಾರ ತಡಿಯಪ್ಪಾ” ಅಂದೆ.