ಹಪ್ಪಳದ ಒಡತಿ ಯಾರು?

ಕಳೆದ ದೀಪಾವಳಿಗೆ ನಮ್ಮ ಕಟ್ಟಡದ ಐದು ಮಂದಿ ಕನ್ನಡತಿಯರು ಸೇರಿ ಹಪ್ಪಳ, ಚಟ್ನಿಪುಡಿ ಮಾಡಿ ಮಾರಿದೆವು. ದುಡ್ಡು ಬಂದದ್ದು ಒಬ್ಬರ ಯಜಮಾನರ ಖಾತೆಗೆ. ಲೆಕ್ಕ ಕೇಳಲು ಎಲ್ಲರಿಗೂ ಮುಜುಗರ. "ಎಂಟೆಕ್ ಓದಿದವಳು ನೀನು, ಸರಿಯಾಗಿ ರಿಜಿಸ್ಟರ್ ಮಾಡಿಸಮ್ಮ" ಎಂದರು ನಮ್ಮಲ್ಲಿ ಹಿರಿಯರಾದ ಅಕ್ಕ. ಕೋಡ್ ಬರೆಯುವ ನನಗೆ ಕಾನೂನು ಹೊಸದು. ಓದುತ್ತಾ ಹೋದಾಗ ಸಿಕ್ಕಿದ್ದು ನಮ್ಮ ಮುಂಬಯಿಯದೇ ಕಥೆ.

1959ರ ಮಾರ್ಚ್ 15. ಗಿರಗಾಂವ್‌ನ ಒಂದು ಕಟ್ಟಡದ ತಾರಸಿಯಲ್ಲಿ ಏಳು ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ನಾಲ್ಕೇ ಪೊಟ್ಟಣ. ಅದೇ ಇಂದಿನ ಲಿಜ್ಜತ್. ಅವರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಇಂಥ ಗುಂಪಿಗೆ ಆಗ ಯಾವ ದಾರಿಗಳಿದ್ದವು? ಒಬ್ಬಳ ಹೆಸರಿನಲ್ಲೇ ನಡೆಸಿದರೆ ಉಳಿದವರು ಬರೀ ಕೂಲಿಯವರು. ವ್ಯಾಪಾರ ಸೋತರೆ ಅವಳ ಮನೆ, ಒಡವೆಗೂ ಕುತ್ತು. 1932ರ ಕಾಯ್ದೆಯ ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬಳೂ ಪೂರ್ತಿ ಹೊಣೆ. ಕಂಪನಿಯಲ್ಲಿ ಹೊಣೆ ಷೇರಿನ ಮಟ್ಟಿಗೆ ಮಾತ್ರ, ಆದರೆ ಹೆಚ್ಚು ಷೇರು ಇದ್ದವರ ಮಾತೇ ನಡೆಯುವುದು.

ಲಿಜ್ಜತ್‌ನವರು 1966ರಲ್ಲಿ, 1860ರ ಕಾಯ್ದೆಯಡಿ ಸೊಸೈಟಿಯಾಗಿ ನೋಂದಾಯಿಸಿಕೊಂಡರು. ಖಾದಿ ಗ್ರಾಮೋದ್ಯೋಗ ಆಯೋಗದ ಮಾನ್ಯತೆಯೂ ಅದೇ ವರ್ಷ ಸಿಕ್ಕಿತು. ಅಲ್ಲಿ ಹಪ್ಪಳ ಲಟ್ಟಿಸುವವಳೇ ಸಹ-ಒಡತಿ. ಸದಸ್ಯೆಯರೆಲ್ಲ ಪರಸ್ಪರ 'ಬೆನ್', ಅಂದರೆ ಅಕ್ಕತಂಗಿಯರು. ಗಂಡಸರು ನೌಕರರಾಗಬಹುದು, ಸದಸ್ಯರಾಗುವಂತಿಲ್ಲ.

ಒಗ್ಗಟ್ಟಿನ ಈ ಯೋಚನೆ ನಮ್ಮ ನಾಡಿಗೆ ಹೊಸದಲ್ಲ. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರಿಗಾಗಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಸಹಕಾರ ತತ್ವದಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ.

ನನಗೂ ಸಹಕಾರ ಸಂಘವೇ ಇಷ್ಟವಾಗಿತ್ತು. ಆದರೆ ಮಹಾರಾಷ್ಟ್ರದಲ್ಲಿ ಅದಕ್ಕೆ ಬೇರೆ ಬೇರೆ ಕುಟುಂಬಗಳ ಹತ್ತು ಜನ ಬೇಕು, ನಾವು ಐವರೇ. ಕೊನೆಗೆ 2008ರ ಕಾಯ್ದೆಯ ಎಲ್‌ಎಲ್‌ಪಿ ಆರಿಸಿಕೊಂಡೆವು. ಪಾಲುದಾರಿಕೆಯ ಸಲಿಗೆಯೂ ಉಂಟು, ಹೊಣೆಗೆ ಮಿತಿಯೂ ಉಂಟು. "ಯಜಮಾನರ ಹೆಸರಲ್ಲೇ ಇದ್ದರೆ ಸುಲಭವಲ್ಲವೇ?" ಎಂಬ ಮಾತು ಮತ್ತೆ ಬಂತು. ಬೇಡವೆಂದೆವು. ಐವರಿಗೂ ಸಮಪಾಲು ಎಂದು ಬರೆಸಿದೆವು.

ಒಪ್ಪಂದಕ್ಕೆ ಸಹಿ ಮಾಡುವಾಗ ಅಕ್ಕನ ಕೈ ಸ್ವಲ್ಪ ನಡುಗಿತು. ನಲವತ್ತು ವರ್ಷದಿಂದ ಹಪ್ಪಳ ಲಟ್ಟಿಸುತ್ತಿದ್ದರೂ ಒಡತಿಯೆಂದು ಸಹಿ ಹಾಕಿದ್ದು ಅದೇ ಮೊದಲಂತೆ. ಗೆಳತಿಯರೇ, ವ್ಯಾಪಾರ ಸಣ್ಣದೇ ಇರಲಿ, ಕಾಗದದಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ನೋಡಿಕೊಳ್ಳಿ.